ಎಣಿಕೆ ತುಂಬಿದ ಮೇಲೆ

ಗಣಕದೊಳಗೆ ಪ್ರತಿ ಪೂರ್ಣಾಂಕಕ್ಕೂ ಇಷ್ಟೇ ಬಿಟ್ ಎಂದು ಜಾಗ ಮೊದಲೇ ಗೊತ್ತಾಗಿರುತ್ತದೆ. ಅದು ತುಂಬಿದ ಮೇಲೆ ಇನ್ನೊಂದು ಕೂಡಿಸಿದರೆ ಎಣಿಕೆ ಸೊನ್ನೆಗೆ ಮರಳುತ್ತದೆ, ಇಲ್ಲವೇ ಋಣಸಂಖ್ಯೆಯಾಗುತ್ತದೆ. ಇದೇ ಇಂಟಿಜರ್ ಓವರ್‌ಫ್ಲೋ. ಇದನ್ನು ದೋಷವೆನ್ನದೆ ದುಡಿಸಿಕೊಂಡ ಯಂತ್ರವೊಂದು ತುಮಕೂರಿನಲ್ಲಿ ತಯಾರಾಗುತ್ತಿತ್ತು. 1978ರಲ್ಲಿ ಶುರುವಾಗಿ ಈಗ ಮುಚ್ಚಿರುವ ಅಲ್ಲಿನ ಎಚ್‌ಎಂಟಿ ಕಾರ್ಖಾನೆ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕ್ವಾರ್ಟ್ಜ್ ವಾಚುಗಳಿಗೂ ಕೈಹಾಕಿತ್ತು. ಕ್ವಾರ್ಟ್ಜ್ ವಾಚಿನ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 15 ಬಿಟ್‌ಗಳ ಎಣಿಕೆ ಸರಿಯಾಗಿ ಅಷ್ಟಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ಹಾಗೆ ಬಂದಾಗಲೆಲ್ಲ ಒಂದು ಸೆಕೆಂಡು ಕಳೆದಂತೆ.

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೂಡ ಮಿಡಿತಗಳನ್ನು ಎಣಿಸುತ್ತದೆ. ಆದರೆ ಎಣಿಕೆ ತುಂಬುವ ದಿನವನ್ನು ಕೋಡ್ ಬರೆದವರು ಹಲವು ಸಲ ಮರೆತಿದ್ದರು. ವಿಂಡೋಸ್ 95 ಮಿಲಿಸೆಕೆಂಡುಗಳನ್ನು 32 ಬಿಟ್‌ನಲ್ಲಿ ಇಟ್ಟಿತ್ತು; ಬಿಡದೆ ನಡೆಸಿದರೆ 49.7 ದಿನಕ್ಕೆ ಸ್ತಬ್ಧವಾಗುತ್ತಿತ್ತು. (ಅದು ಅಷ್ಟು ದಿನ ಕೆಡದೆ ನಡೆದದ್ದೇ ಅಪರೂಪ, ದೋಷ ಗೊತ್ತಾಗಲು ವರ್ಷಗಳೇ ಹಿಡಿದವು.) ಸೆಕೆಂಡಿಗೆ 100ರಂತೆ ಏರುವ ಲಿನಕ್ಸ್‌ನ 'ಜಿಫೀಸ್' ಎಣಿಕೆ 32 ಬಿಟ್‌ನಲ್ಲಿ 497 ದಿನಕ್ಕೆ ತುಂಬುತ್ತಿತ್ತು. ಪರೀಕ್ಷೆಗೆಂದು ಅಷ್ಟು ದಿನ ಕಾಯುವವರು ಯಾರು? ಅದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ಎಣಿಕೆಯನ್ನು ಸೊನ್ನೆಯಿಂದ ಶುರುಮಾಡದೆ, ಯಂತ್ರ ಚಾಲೂ ಆದ ಐದೇ ನಿಮಿಷಕ್ಕೆ ತುಂಬುವ ಹಾಗೆ ಮಿತಿಯ ಅಂಚಿನಲ್ಲಿ ಇಟ್ಟರು. ತಪ್ಪಿದ್ದರೆ ಅಂದೇ ಸಿಕ್ಕಿಬೀಳುತ್ತದೆ.

ಕಾಲದ ಎಣಿಕೆ ತಪ್ಪಿದರೆ ಯಂತ್ರ ನಿಲ್ಲಬಹುದು. ಮೆಮೊರಿಯ ಎಣಿಕೆ ತಪ್ಪಿದರೆ ಯಂತ್ರವೇ ಪರರ ಪಾಲಾಗುತ್ತದೆ. ಒಂದು ದತ್ತಾಂಶವನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬ ಲೆಕ್ಕ ಸೊನ್ನೆಯಾದಾಗ ಕರ್ನಲ್ ಅದರ ಮೆಮೊರಿಯನ್ನು ಬಿಟ್ಟುಕೊಡುತ್ತದೆ. 2016ರ ಜನವರಿಯಲ್ಲಿ ಬಯಲಾದ ಲಿನಕ್ಸ್ ಕೀರಿಂಗ್ (ಗುಪ್ತಕೀಲಿಗಳ ಸಂಗ್ರಹ) ದೋಷದಲ್ಲಿ, ಸಾಮಾನ್ಯ ಬಳಕೆದಾರನೂ ಆ ಲೆಕ್ಕವನ್ನು 400 ಕೋಟಿಯ ಆಚೆಗೆ ಏರಿಸಿ ಸೊನ್ನೆಗೆ ತಂದು, ಇನ್ನೂ ಬಳಕೆಯಲ್ಲಿರುವ ಮೆಮೊರಿಯನ್ನು ಬಿಡಿಸಿ, ಯಂತ್ರದ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರ ಪಡೆಯಬಹುದಿತ್ತು. ಲಿನಕ್ಸ್‌ನ 2017ರ 4.11ನೇ ಆವೃತ್ತಿಯಲ್ಲಿ ಬಂದ 'ರೆಫ್‌ಕೌಂಟ್' ಎಂಬ ಹೊಸ ಬಗೆಯ ಲೆಕ್ಕ ಮಿತಿ ಮುಟ್ಟಿದರೆ ತಿರುಗಿ ಬರದೆ ಅಲ್ಲೇ ನಿಲ್ಲುತ್ತದೆ. ಇದರಿಂದ ಒಂದಿಷ್ಟು ಮೆಮೊರಿ ಪೋಲಾಗುತ್ತದೆ. ಆ ನಷ್ಟ ಸಹ್ಯ. ಕೂಡುವಾಗ, ಗುಣಿಸುವಾಗ ಮಿತಿ ಮೀರಿತೇ ಎಂದು ನೋಡುವ ಸಾಮಾನ್ಯ ಫಂಕ್ಷನ್‌ಗಳು 2018ರಲ್ಲಿ ಕರ್ನಲ್‌ಗೆ ಸೇರಿದವು.

ದೊಡ್ಡ ಗಡುವು ಇನ್ನೂ ಬರಬೇಕಿದೆ. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ 32 ಬಿಟ್‌ನ ಲೆಕ್ಕ 2038ರ ಜನವರಿ 19ರಂದು, ಭಾರತದ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, ಋಣಸಂಖ್ಯೆಯಾಗಿ 1901ನೇ ಇಸವಿಗೆ ಹಾರುತ್ತದೆ. 32 ಬಿಟ್ ಯಂತ್ರಗಳಿಗೂ 64 ಬಿಟ್ ಕಾಲವನ್ನು ಒದಗಿಸುವ ಕೆಲಸ ಲಿನಕ್ಸ್ ಕರ್ನಲ್‌ನಲ್ಲಿ 2020ರ ಮಾರ್ಚಿನ 5.6ನೇ ಆವೃತ್ತಿಯ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಹಳೆಯ 32 ಬಿಟ್ ಕರ್ನಲ್ ಹೊತ್ತ ಉಪಕರಣಗಳನ್ನು 2038ರ ಗಡುವಿನೊಳಗೆ ಬದಲಿಸಲೇಬೇಕು.