'ಹೋಟೆಲ್ ಕ್ಯಾಲಿಫೋರ್ನಿಯಾ' ಇಲ್ಲದ ಈಗಲ್ಸ್
ಹಾಸ್ಟೆಲ್ಲಿನಲ್ಲಿ ನಮಗೆ ಈಗಲ್ಸ್ ಅಂದ್ರೆ 'ಹೋಟೆಲ್ ಕ್ಯಾಲಿಫೋರ್ನಿಯಾ' ಅಷ್ಟೇ. ಅದೇ ಇಲ್ಲದ ಹಿಟ್ಸ್ ಆಲ್ಬಮ್ ನೋಡಿ ಮೂಗು ಮುರಿದಿದ್ದೆ. ಆಮೇಲೆ ಇಸವಿ ನೋಡಿದೆ: 'ದೇರ್ ಗ್ರೇಟೆಸ್ಟ್ ಹಿಟ್ಸ್ (1971–1975)' ಬಂದದ್ದು 1976ರ ಫೆಬ್ರವರಿಯಲ್ಲಿ, ಆ ಹಾಡು ಬಂದದ್ದು ಅದೇ ಡಿಸೆಂಬರಿನಲ್ಲಿ!

ಇದರ ಹತ್ತು ಹಾಡಲ್ಲಿ ಒಂದನ್ನೂ ಬಿಡೋ ಹಾಗಿಲ್ಲ ಅನ್ನೋರಿದ್ದಾರೆ. 'ಡೆಸ್ಪರಾಡೊ'ವನ್ನು ಕಥೆಯಿಂದ ಕಿತ್ತು ತಂದಿದ್ದಾರೆ ಅಂತ ಸಿಡುಕೋರೂ ಇದ್ದಾರೆ. 1973ರ ಆ ಮೂಲ ಆಲ್ಬಮ್ ಹೆಣೆದದ್ದೇ ಹಳೇ ಅಮೆರಿಕದ ದರೋಡೆಕೋರರ ಸುತ್ತ. ಡಾನ್ ಹೆನ್ಲಿಯ ದೂರೂ ಇದೇ. ಅದೂ ಅಲ್ದೆ, ಈಗಲ್ಸ್ ಅದನ್ನು ಸಿಂಗಲ್ ಆಗಿ ಬಿಟ್ಟೇ ಇರಲಿಲ್ಲ. ಹಿಟ್ ಆಗದ್ದು ಹಿಟ್ಸ್‌ನಲ್ಲಿ!

2018ರಲ್ಲಿ ಈ ಸಂಕಲನ ಅಮೆರಿಕದಲ್ಲಿ 3.8 ಕೋಟಿಯ ಲೆಕ್ಕ ಮುಟ್ಟಿ 'ಥ್ರಿಲ್ಲರ್'ಅನ್ನೂ ಹಿಂದಿಕ್ಕಿತು. ನಾನಂತೂ ಹೆನ್ಲಿ ಕಡೆ. ಈಗ ಮೂಲ ಆಲ್ಬಮ್ಮನ್ನೇ ಮೊದಲಿಂದ ಕೇಳ್ತೀನಿ. ಆದ್ರೆ ಅದರ ದಾರಿ ತೋರಿಸಿದ್ದು ಈ ಸಂಕಲನವೇ ಅನ್ನೋದನ್ನ ಮುಚ್ಚಿಡೋದು ಹೇಗೆ?