ದಾನಿಗೆ ತಿಳಿಸದ ಫಲಿತಾಂಶ

ರಕ್ತದಾನ ಮಾಡಿದವರು ಚಹಾ, ಬಿಸ್ಕತ್ತು ಮುಗಿಸಿ ಮನೆಗೆ ಮರಳುತ್ತಾರೆ. ಆದರೆ ಅವರ ರಕ್ತ ಪರೀಕ್ಷೆಗಳನ್ನು ದಾಟದೆ ರೋಗಿಯನ್ನು ತಲಪುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ - ಈ ಐದಕ್ಕೆ ನಮ್ಮಲ್ಲಿ ಪರೀಕ್ಷೆ ಕಡ್ಡಾಯ. ಜಪಾನಿನ ಪಟ್ಟಿಯಲ್ಲಿ ನಮ್ಮ ಹೆಚ್ಚಿನವರು ಕೇಳಿರದ ಇನ್ನೊಂದು ಹೆಸರಿದೆ: ಎಚ್‌ಟಿಎಲ್‌ವಿ-1. ಜಗತ್ತಿನ ಹೆಚ್ಚಿನ ಕಡೆ ಅಪರೂಪವಾದ ಈ ವೈರಸ್ ಆ ದೇಶದ ನೈಋತ್ಯ ಭಾಗದಲ್ಲಿ ಬಹಳ ಕಾಲದಿಂದ ಬೇರೂರಿದೆ.

1977ರಲ್ಲಿ ಕ್ಯೋಟೋದ ವೈದ್ಯ ಕಿಯೋಶಿ ತಕಾತ್ಸುಕಿ ಮತ್ತು ಸಂಗಡಿಗರು ವಯಸ್ಕರಲ್ಲಿ ಕಾಣಿಸಿಕೊಳ್ಳುವ ಒಂದು ವಿಶಿಷ್ಟ ರಕ್ತ ಕ್ಯಾನ್ಸರಿನ ಬಗ್ಗೆ ಬರೆದರು. ರೋಗಿಗಳಲ್ಲಿ ಹೆಚ್ಚಿನವರು ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರು. ಒಂದೇ ಊರ ಕಡೆಯವರಿಗೆ ಏಕೆ ಈ ರೋಗ? 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ಅವರ ಪ್ರಯೋಗಾಲಯ ವೈರಸ್ಸನ್ನು ಪ್ರಕಟಿಸಿತು. 1981ರಲ್ಲಿ ಯೋರಿಯೋ ಹಿನುಮಾ ಜಪಾನಿನ ರೋಗಕ್ಕೂ ವೈರಸ್ಸಿಗೂ ಇರುವ ನಂಟನ್ನು ತೋರಿಸಿದರು.

ಈ ವೈರಸ್ ಬಿಳಿ ರಕ್ತಕಣದೊಳಗೆ ಅಡಗಿರುತ್ತದೆ. ಹೊತ್ತವರಲ್ಲಿ ನೂರಕ್ಕೆ ಸುಮಾರು ಐವರಿಗೆ ಮಾತ್ರ ಕ್ಯಾನ್ಸರ್ ಬರುತ್ತದೆ, ಅದೂ ದಶಕಗಳ ಬಳಿಕ. ಉಳಿದವರಲ್ಲಿ ಹೆಚ್ಚಿನವರು ಏನೂ ಅರಿಯದೆ ಬದುಕಿ ತೀರಿಹೋಗುತ್ತಾರೆ. ತಾಯಿಯ ಹಾಲು, ದಾಂಪತ್ಯ ಸಂಪರ್ಕ ಮತ್ತು ರಕ್ತ ಇದು ಸಾಗುವ ದಾರಿಗಳು.

ರಕ್ತದ ದಾರಿ ಖಚಿತವಾದದ್ದು 1984ರಲ್ಲಿ. ಸೋಂಕಿತ ದಾನಿಗಳ ಜೀವಕೋಶಗಳುಳ್ಳ ರಕ್ತ ಪಡೆದ 41 ಮಂದಿಯಲ್ಲಿ 26 ಮಂದಿಯ ದೇಹದಲ್ಲಿ ಪ್ರತಿಕಾಯ ಕಾಣಿಸಿತು. ಪ್ಲಾಸ್ಮಾ ಮಾತ್ರ ಪಡೆದ 14 ಮಂದಿಯಲ್ಲಿ ಒಬ್ಬರಿಗೂ ಇಲ್ಲ. 1986ರಲ್ಲಿ ಕಾಗೋಶಿಮಾದ ಮಿತ್ಸುಹಿರೋ ಒಸಾಮೆ ಇದೇ ವೈರಸ್ಸಿನಿಂದ ಬೆನ್ನುಹುರಿ ಕೆಟ್ಟು ಕಾಲುಗಳು ಸೋಲುವ ರೋಗವನ್ನು ವಿವರಿಸಿದರು. ಆ ರೋಗಿಗಳಲ್ಲಿ ಹಿಂದೆ ರಕ್ತ ಪಡೆದವರೂ ಇದ್ದರು. ಇನ್ನು ಕಾಯುವಂತಿರಲಿಲ್ಲ. ಅದೇ ನವೆಂಬರಿನಿಂದ ಜಪಾನಿನ ರೆಡ್‌ಕ್ರಾಸ್ ದಾನದ ರಕ್ತವನ್ನೆಲ್ಲ ಪರೀಕ್ಷಿಸತೊಡಗಿತು. ಅಮೆರಿಕ ಈ ಕೆಲಸ ಶುರುಮಾಡಿದ್ದು 1988ರಲ್ಲಿ, ಬ್ರಿಟನ್ 2002ರಲ್ಲಿ.

ರೋಗಿಯೇನೋ ಉಳಿದ. ದಾನಿಯ ಗತಿ? ಸೋಂಕಿನ ರಕ್ತವನ್ನು ಬದಿಗಿಡಲಾಯಿತು, ಕೊಟ್ಟವನಿಗೆ ವಿಷಯ ತಿಳಿಸಲಿಲ್ಲ. ಸೋಂಕನ್ನು ತೊಡೆಯುವ ಮದ್ದು ಇಲ್ಲದಿರುವಾಗ ಹೇಳಿ ಹೆದರಿಸುವುದೇಕೆ ಎಂಬ ವಾದದಲ್ಲಿ ಕರುಣೆಯೂ ಇದೆ. ಒಬ್ಬನ ಫಲಿತಾಂಶ ಅವನ ತಾಯಿಯತ್ತಲೂ ಬೆರಳು ತೋರುತ್ತದೆ, ಹೆಂಡತಿ ಮಕ್ಕಳಿಗೂ ಆತಂಕ ತರುತ್ತದೆ. ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. 1987ರಿಂದ ನಾಗಸಾಕಿ ಪ್ರಾಂತ್ಯದಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಸೋಂಕಿದ್ದರೆ ಎದೆಹಾಲು ಬೇಡವೆಂದು ಸಲಹೆ ಕೊಡಲಾಗುತ್ತಿತ್ತು. ರಕ್ತ ಕೊಟ್ಟ ಹೆಣ್ಣುಮಗಳೊಬ್ಬಳ ಸೋಂಕು ಪ್ರಯೋಗಾಲಯಕ್ಕೆ ಗೊತ್ತು, ಮಗುವಿಗೆ ಹಾಲೂಡಿಸುವ ಅವಳಿಗೇ ಗೊತ್ತಿಲ್ಲ ಎಂದಾದರೆ ಆ ಮೌನವನ್ನು ಕರುಣೆ ಎನ್ನುವುದು ಹೇಗೆ?

ಮೌನ ಮುರಿದದ್ದು 1999ರಲ್ಲಿ. ತಿಳಿಯಬಯಸುವ ದಾನಿಗಳಿಗೆ ಅಂದಿನಿಂದ ಫಲಿತಾಂಶ ತಿಳಿಸುವ ಕ್ರಮ ಬಂತು. ಗರ್ಭಿಣಿಯರ ಪರೀಕ್ಷೆ ದೇಶವ್ಯಾಪಿಯಾಗಲು 2010 ಕಳೆಯಬೇಕಾಯಿತು.