ಮುಳುಗಿದ ಹಡಗು, ಮುಳುಗದ ವಿಚಾರ

ಒಂದು ಊರು ಮತ್ತೊಂದು ಊರಿನಿಂದ ಏನನ್ನು ಕಲಿಯಬಲ್ಲುದು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಕಡಲ ತಳ ಸೇರಿದ ಒಂದು ಹಡಗಿನ ನೆನಪಾಗುತ್ತದೆ.

1914ರ ಅಕ್ಟೋಬರ್ ತಿಂಗಳು. ಮೊದಲನೆಯ ಮಹಾಯುದ್ಧ ಆರಂಭವಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡು ಸುರಿಸಿ ಮಾಯವಾಗಿದ್ದ ‘ಎಂಡನ್’ ಎಂಬ ಜರ್ಮನ್ ಸಮರನೌಕೆ ಅರಬ್ಬೀ ಸಮುದ್ರದಲ್ಲಿ ‘ಕ್ಲಾನ್ ಗ್ರಾಂಟ್’ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತು. ಅದರಲ್ಲಿದ್ದ ಸರಕಿನ ನಡುವೆ ಒಂದು ವಿಚಿತ್ರ ಸಂಪತ್ತಿತ್ತು: ಹಲವು ದೇಶಗಳ ನಗರಗಳ ನಕ್ಷೆಗಳು, ಚಿತ್ರಗಳು, ಮಾದರಿಗಳು. ಅದು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟಿಷ್ ವಿದ್ವಾಂಸರು ವರ್ಷಗಳ ಶ್ರಮದಿಂದ ಕೂಡಿಹಾಕಿದ್ದ ‘ನಗರ ಪ್ರದರ್ಶನ’.

ಗೆಡ್ಡಿಸ್ ವೃತ್ತಿಯಿಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಎಡಿನ್‌ಬರೋದ ಹಳೆಯ ಕೊಳೆಗೇರಿಯಲ್ಲೇ ಮನೆ ಮಾಡಿ, ನೆರೆಹೊರೆಯವರನ್ನು ಜೊತೆಗೂಡಿಸಿಕೊಂಡು ಕೇರಿಯನ್ನು ಹಸನು ಮಾಡಿದವರು. ಗಿಡದಂತೆ ಊರೂ ಒಂದು ಜೀವಿಯೆಂಬುದು ಅವರ ನಂಬಿಕೆ. 1913ರಲ್ಲಿ ಬೆಲ್ಜಿಯಮ್ಮಿನ ಘೆಂಟ್ ನಗರದಲ್ಲಿ ನಾನಾ ದೇಶಗಳ ನಗರಾಡಳಿತಗಾರರು ಸಭೆ ಸೇರಿ, ತಮ್ಮ ಅನುಭವಗಳನ್ನು ಹಂಚಿಕೊಳ್ಳಲು ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಗೆಡ್ಡಿಸರ ಪ್ರದರ್ಶನವೂ ಅಲ್ಲಿತ್ತು. ಮರುವರ್ಷವೇ, ಪ್ರದರ್ಶನ ಹೊತ್ತ ಹಡಗು ಮುಳುಗಿದ ಅದೇ ಅಕ್ಟೋಬರಿನಲ್ಲಿ, ಘೆಂಟ್ ನಗರವೂ ಜರ್ಮನ್ ಸೈನ್ಯದ ವಶವಾಯಿತು. ನಗರಗಳ ಮೈತ್ರಿ ಅಲ್ಲಿಗೆ ಮುಗಿಯಿತೆಂದು ಯಾರಿಗಾದರೂ ಅನ್ನಿಸಬಹುದಿತ್ತು.

ಹಾಗಾಗಲಿಲ್ಲ. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇಲೆ ಬೇರೆ ಹಡಗಿನಲ್ಲಿ ಬಂದಿದ್ದ ಗೆಡ್ಡಿಸ್ ಎದೆಗುಂದಲಿಲ್ಲ. ಬ್ರಿಟನ್ನಿನ ಮಿತ್ರರು ಹೊಸದಾಗಿ ಸಾಮಗ್ರಿ ಕಲೆಹಾಕಿ ಕಳುಹಿಸಿದರು. 1915ರ ಜನವರಿಯಲ್ಲಿ ಮದರಾಸಿನಲ್ಲಿ ಪ್ರದರ್ಶನ ತೆರೆಯಿತು.

ಆದರೆ ಗೆಡ್ಡಿಸರು ತಂದ ನಿಜವಾದ ಸರಕು ನಕ್ಷೆಗಳಲ್ಲಿರಲಿಲ್ಲ, ಅವರ ಕಣ್ಣಿನಲ್ಲಿತ್ತು. ಮದರಾಸು ಪ್ರಾಂತದ ಊರೂರು ತಿರುಗಿ ಅವರು ವರದಿಗಳನ್ನು ಬರೆದರು. ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು. ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ ಎಂಬುದು ಅವರ ಸೂತ್ರ. ಇಕ್ಕಟ್ಟಾದ ಕೇರಿಗಳನ್ನು ಕೆಡವಿ ನೇರ ರಸ್ತೆಗಳನ್ನು ಹಾಯಿಸುವುದೇ ಸುಧಾರಣೆಯೆಂದು ಎಂಜಿನಿಯರುಗಳು ನಂಬಿದ್ದ ಕಾಲವದು. ಗೆಡ್ಡಿಸರಾದರೋ ಗಲ್ಲಿಗಲ್ಲಿಯನ್ನೂ ನಡೆದು ನೋಡಿ, ಎಲ್ಲಿ ಒಂದು ಪಾಳು ಮನೆ ತೆಗೆದರೆ ಗಾಳಿಯಾಡುತ್ತದೆ, ಎಲ್ಲಿ ಒಂದು ಮರ ನೆಟ್ಟರೆ ನಾಲ್ಕು ಜನ ಕೂರುತ್ತಾರೆ ಎಂದು ಗುರುತಿಸಿದರು. ಇದನ್ನು ಅವರು ಉಳಿಸುವ ಶಸ್ತ್ರಚಿಕಿತ್ಸೆಯೆಂದು ಕರೆದರು. ಖರ್ಚು ಕಡಿಮೆ, ಅದಕ್ಕಿಂತ ಮುಖ್ಯವಾಗಿ, ಬಡವರು ಸೂರು ಕಳೆದುಕೊಳ್ಳುವುದು ಕಡಿಮೆ.

ಇಂದೂರಿನಲ್ಲಿ ಪ್ಲೇಗು ಹಾವಳಿಯಿದ್ದಾಗ ಅವರು ಊರ ಹಬ್ಬವನ್ನೇ ಔಷಧವಾಗಿಸಿದರು. ದೀಪಾವಳಿಯ ಮೆರವಣಿಗೆ ಅತಿ ಹೆಚ್ಚು ಮನೆಗಳನ್ನು ಚೊಕ್ಕಟ ಮಾಡಿಕೊಂಡ ಬೀದಿಗಳಲ್ಲಿಯೇ ಸಾಗುವುದೆಂದು ಸಾರಿದ್ದೇ ತಡ, ಜನ ಪೊರಕೆ ಹಿಡಿದರು. ಮೆರವಣಿಗೆಯಲ್ಲಿ ರಾಕ್ಷಸರ ಜೊತೆಗೆ ಪ್ಲೇಗಿನ ದೈತ್ಯ ಇಲಿಯೂ ಬಂತು! ಈ ಉಪಾಯ ಎಡಿನ್‌ಬರೋದಿಂದ ಬಂದದ್ದಲ್ಲ. ಇಂದೂರಿನ ಮಣ್ಣಿನಲ್ಲೇ ಇದ್ದದ್ದು. ಅದನ್ನು ಕಾಣುವ ದೃಷ್ಟಿ ಮಾತ್ರ ಹೊರಗಿನಿಂದ ಬಂತು.

ಅವರ ಇನ್ನೊಂದು ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಮಲೇರಿಯಾಕ್ಕೆ ಹೆದರಿ ಊರ ಕೆರೆಗಳನ್ನು ಮುಚ್ಚಬೇಡಿ, ಹೂಳೆತ್ತಿ ಶುಚಿಯಾಗಿಡಿ, ಸೊಳ್ಳೆಗಳನ್ನು ಮೀನು ಬಾತುಗಳು ನೋಡಿಕೊಳ್ಳುತ್ತವೆ ಎಂಬುದು ಅವರ ವಾದವಾಗಿತ್ತು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದಾಗಲೆಲ್ಲ ನಾನು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದು ನೆನಪಾಗುತ್ತದೆ. ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣವಿದೆ. ಪರಊರುಗಳ ರಸ್ತೆಗಳನ್ನು, ಗೋಪುರಗಳನ್ನು ನಾವು ಬೇಗ ಕಲಿತೆವು. ನಮ್ಮ ನೀರನ್ನು ನೋಡುವುದನ್ನು ಕಲಿಯಲಿಲ್ಲ.

ಘೆಂಟಿನ ಒಕ್ಕೂಟ ಎರಡು ಮಹಾಯುದ್ಧಗಳನ್ನು ದಾಟಿ ಉಳಿಯಿತು. 2004ರಲ್ಲಿ ಅದು ಸೋದರ ಸಂಸ್ಥೆಗಳೊಡನೆ ಬೆರೆತು ಹೊಸ ರೂಪ ತಾಳಿ, ಬಾರ್ಸಿಲೋನಾದಲ್ಲಿ ನೆಲೆ ಮಾಡಿತು. ನಗರಗಳು ಇಂದು ಹಿಂದೆಂದಿಗಿಂತ ಹೆಚ್ಚಾಗಿ ಪರಸ್ಪರ ಮಾತನಾಡುತ್ತಿವೆ. ಅದು ಸಂತೋಷದ ಸಂಗತಿ. ನಕ್ಷೆಗಳು ಹಡಗಿನೊಡನೆ ಮುಳುಗಬಹುದು, ಮತ್ತೆ ಬರೆಯಲೂಬಹುದು. ಮುಚ್ಚಿದ ಕೆರೆಯನ್ನು ಮಾತ್ರ ಯಾವ ಮಿತ್ರರೂ ಕಟ್ಟಿ ಕಳುಹಿಸಲಾರರು. ಪರಊರಿಗೆ ಹೋಗಿ ಬಂದವರು ಮೊದಲು ತಮ್ಮ ಊರನ್ನೊಮ್ಮೆ ಕಾಲ್ನಡಿಗೆಯಲ್ಲಿ ಸುತ್ತಿ ನೋಡಲಿ ಎಂಬುದಷ್ಟೇ ನನ್ನ ಬಿನ್ನಹ.